ಆ 27 ಅಂದರೆ ಏನು? ಹಿರಿಯ ಪ್ರಾಥಮಿಕ ಶಾಲೆಯ ಗಣಿತ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ



ಐದು, ಆರು, ಏಳನೇ ತರಗತಿಗಳಲ್ಲಿ ನೀವು ಕಲಿಸಿದ ಮಕ್ಕಳು ಎಂಟನೇ ತರಗತಿಗೆ ನಮ್ಮ ಪ್ರೌಢಶಾಲೆಗೆ ಬಂದು ಸೇರುತ್ತಾರೆ. ಅಲ್ಲಿ ಅವರಿಗೆ ಗಣಿತ ಹೇಳಿಕೊಡುವವಳು ನಾನು. ಹೊಸ ಮಕ್ಕಳು ಬಂದಾಗ, ಪುಸ್ತಕ ತೆರೆಯುವ ಮುಂಚೆ ಬೋರ್ಡಿನ ಮೇಲೆ 3/7, 4/9 ಎಂದು ಎರಡು ಭಿನ್ನರಾಶಿ ಬರೆದು ಯಾವುದು ದೊಡ್ಡದು ಎಂದು ಕೇಳುತ್ತೇನೆ. ಬಹಳಷ್ಟು ಮಕ್ಕಳು ಕೈ ಎತ್ತುತ್ತಾರೆ. ಒಬ್ಬರು ಎದ್ದು ಬಂದು, ಎರಡು ಓರೆ ಬಾಣ ಎಳೆದು, ಮೂರೊಂಬತ್ತಲ ಇಪ್ಪತ್ತೇಳು, ನಾಲ್ಕೇಳಲ ಇಪ್ಪತ್ತೆಂಟು ಎಂದು ಮಗ್ಗಿ ಹೇಳಿ, 27, 28 ಎಂದು ಮೇಲೆ ಬರೆದು, 4/9 ದೊಡ್ಡದು ಎನ್ನುತ್ತಾರೆ. ಉತ್ತರ ಸರಿ. ಆಮೇಲೆ ನಾನು ಕೇಳುತ್ತೇನೆ: ಈ 27 ಅಂದರೆ ಏನು? ಏನು ಇಪ್ಪತ್ತೇಳು ಇದೆ ಅಲ್ಲಿ? ಎತ್ತಿದ ಕೈಗಳೆಲ್ಲ ಇಳಿಯುತ್ತವೆ. 4/9 ಎಷ್ಟು ದೊಡ್ಡದು ಎಂದು ಕೇಳಿದರೆ ‘ಒಂದು’ ಎನ್ನುತ್ತಾರೆ. 28ರಲ್ಲಿ 27 ಕಳೆದರೆ ಒಂದು ತಾನೆ!

ಆ 27, 63ರಲ್ಲಿ 27. ಆ 28, 63ರಲ್ಲಿ 28. ಎರಡೂ ಭಿನ್ನರಾಶಿಗಳನ್ನು 63 ಎಂಬ ಒಂದೇ ಛೇದಕ್ಕೆ ತಂದಾಗ ಸಿಗುವ ಅಂಶಗಳು ಅವು. ವ್ಯತ್ಯಾಸ ಒಂದಲ್ಲ, 63ರಲ್ಲಿ ಒಂದು. ಓರೆ ಗುಣಾಕಾರ ಮಾಡಿದ ಮಗು ತನಗೆ ಗೊತ್ತಿಲ್ಲದೆಯೇ ಸಮಚ್ಛೇದ ಮಾಡಿರುತ್ತದೆ. ಆದರೆ ಛೇದವನ್ನು ಎಲ್ಲೂ ಬರೆದಿರುವುದಿಲ್ಲ, ಅದು ಇದೆ ಎಂಬುದೂ ಅದಕ್ಕೆ ತಿಳಿದಿರುವುದಿಲ್ಲ. ಲೆಕ್ಕದ ಜೀವ ಇರುವುದೇ ಆ ಬರೆಯದ 63ರಲ್ಲಿ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ನಿಮ್ಮ ಮೇಲೆ ದೂರು ಹೇಳಲು ಬರೆಯುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಒಂದೇ ಕೊಠಡಿಯಲ್ಲಿ ಎರಡು ಮೂರು ತರಗತಿ ಕೂರಿಸಿಕೊಂಡು, ನಡುವೆ ಬಿಸಿಯೂಟದ ಲೆಕ್ಕ, ಸಮೀಕ್ಷೆ, ತರಬೇತಿ ಎಲ್ಲ ನೋಡಿಕೊಂಡು ಪಾಠ ಮುಗಿಸುವ ನಿಮ್ಮ ಕಷ್ಟ ನನಗೆ ಗೊತ್ತಿದೆ. ಓರೆ ಗುಣಾಕಾರ ಅರ್ಧ ಗಂಟೆಯಲ್ಲಿ ಬರುತ್ತದೆ, ಉತ್ತರವೂ ತಪ್ಪುವುದಿಲ್ಲ. ಹಾಗಿರುವಾಗ ಅದನ್ನು ಹೇಳಿಕೊಡಬೇಕು ಎನಿಸುವುದು ಸಹಜ. ಆದರೂ ಅದನ್ನು ಸ್ವಲ್ಪ ತಡೆಹಿಡಿಯಿರಿ ಎಂದು ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಏಕೆಂದರೆ ಅದು ಅಡಗಿಸುವ ಸಂಗತಿ ಮುಂದೆ ಪ್ರತಿ ವರ್ಷವೂ ಬೇಕಾಗುತ್ತದೆ.

ಭಿನ್ನರಾಶಿಯನ್ನು ಮೊದಲ ಸಲ ನೋಡುವ ಮಗುವಿಗೆ ಅದು ಒಂದು ಸಂಖ್ಯೆಯಾಗಿ ಕಾಣುವುದಿಲ್ಲ. ಗೆರೆಯ ಮೇಲೊಂದು, ಕೆಳಗೊಂದು, ಎರಡು ಸಂಖ್ಯೆ ಕಾಣುತ್ತವೆ. ಅಲ್ಲಿಯವರೆಗೆ ಕಲಿತದ್ದೆಲ್ಲ ಎಂಟು ನಾಲ್ಕಕ್ಕಿಂತ ದೊಡ್ಡದು ಎಂದೇ ಹೇಳುತ್ತದಲ್ಲ, ಹಾಗಾಗಿ 1/8 ಕೂಡ 1/4ಕ್ಕಿಂತ ದೊಡ್ಡದು ಎನ್ನುತ್ತದೆ. ಇದು ನಮ್ಮ ಮಕ್ಕಳ ಕೊರತೆ ಮಾತ್ರವಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಶೈಕ್ಷಣಿಕ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ 12/13ಕ್ಕೆ 7/8 ಕೂಡಿಸಿದರೆ ಸುಮಾರು ಎಷ್ಟಾಗುತ್ತದೆ ಎಂದು ಕೇಳಿದ್ದರು. ಲೆಕ್ಕ ಮಾಡಬೇಕಿರಲಿಲ್ಲ, ಅಂದಾಜು ಸಾಕಿತ್ತು. ಆಯ್ಕೆಗಳು 1, 2, 19, 21. ಎರಡೂ ಒಂದಕ್ಕೆ ಹತ್ತಿರ ಇರುವುದರಿಂದ 2 ಎಂಬುದು ನೋಡಿದೊಡನೆ ಹೊಳೆಯಬೇಕು. ಅದನ್ನು ಆರಿಸಿದವರು ಶೇ. 24 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು 19 ಅಥವಾ 21 ಎಂದರು. ಅಂಶಗಳನ್ನು ಕೂಡಿದರೆ 19, ಛೇದಗಳನ್ನು ಕೂಡಿದರೆ 21. ಮೇಲಿನದು ಕೆಳಗಿನದು ಬಿಟ್ಟು ಅವರ ಕಣ್ಣಿಗೆ ಬೇರೆ ಏನೂ ಬಿದ್ದಿರಲಿಲ್ಲ.

ಇನ್ನು ನಮ್ಮ ತರಗತಿಯ ಒಂದು ಘಟನೆ. ಒಮ್ಮೆ ಬೋರ್ಡಿನ ಮೇಲೆ ಭಿನ್ನರಾಶಿಗಳ ಬದಲು ಜಮೀನಿನ ಲೆಕ್ಕ ಕೊಟ್ಟೆ. ಒಂದೇ ಎಕರೆಯಲ್ಲಿ ಒಬ್ಬರ ಪಾಲು 3/8, ಇನ್ನೊಬ್ಬರ ಪಾಲು 2/5, ಯಾರಿಗೆ ಹೆಚ್ಚು ಬಂತು ಎಂದು ಕೇಳಿದೆ. ಕೆಲವರು ಬಾಣ ಎಳೆಯಲು ಶುರುಮಾಡಿದರು. ಕಿಟಕಿ ಪಕ್ಕದ ಹುಡುಗನೊಬ್ಬ ಪೆನ್ನನ್ನೇ ಮುಟ್ಟದೆ ಹೇಳಿದ: “ಮಿಸ್, ಎಕರೆಗೆ ನಲವತ್ತು ಗುಂಟೆ. ಎಂಟು ಪಾಲು ಮಾಡಿದ್ರೆ ಒಂದೊಂದು ಐದು ಗುಂಟೆ, ಮೂರು ಪಾಲಿಗೆ ಹದಿನೈದು. ಐದು ಪಾಲು ಮಾಡಿದ್ರೆ ಎಂಟೆಂಟು ಗುಂಟೆ, ಎರಡು ಪಾಲಿಗೆ ಹದಿನಾರು. ಎರಡನೆಯವರಿಗೆ ಒಂದು ಗುಂಟೆ ಜಾಸ್ತಿ ಹೋಯ್ತು.” ಅವರ ಮನೆಯಲ್ಲಿ ಆ ವರ್ಷ ಅಣ್ಣತಮ್ಮಂದಿರು ಪಾಲಾಗಿದ್ದರಂತೆ. ಪಹಣಿ ಹಿಡಿದುಕೊಂಡು ದೊಡ್ಡವರು ಆಡುವ ಮಾತನ್ನೆಲ್ಲ ಅವನು ಕೇಳಿಸಿಕೊಂಡಿದ್ದ.

ಬಾಣ ಎಳೆದ ಮಕ್ಕಳ ಪುಸ್ತಕದಲ್ಲೂ ಅದೇ ಸಂಖ್ಯೆಗಳಿದ್ದವು. ಮೂರೈದಲ ಹದಿನೈದು, ಎರಡೆಂಟಲ ಹದಿನಾರು. ಆ ಹದಿನೈದು, ಹದಿನಾರು ಏನು ಎಂದು ಅವರಿಗೆ ಗೊತ್ತಿರಲಿಲ್ಲ. ಆ ಹುಡುಗನಿಗೆ ಅವು ಗುಂಟೆ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ. ಪೇಟೆಯ 30-40ರ ಸೈಟಿಗಿಂತ ಸ್ವಲ್ಪವೇ ಕಡಿಮೆ ಜಾಗ. ಅಷ್ಟು ನೆಲ ಯಾರಿಗೆ ಹೆಚ್ಚು ಹೋಯಿತು ಎಂಬುದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಇತ್ತು. ಪಕ್ಕದವರಿಗೆ ಉತ್ತರ ಮಾತ್ರ ಸಿಕ್ಕಿತ್ತು, ನೆಲ ಸಿಕ್ಕಿರಲಿಲ್ಲ. ಸಮಚ್ಛೇದ ಮಾಡುವುದೆಂದರೆ ಇಷ್ಟೇ: ಎರಡು ಬೇರೆ ಬೇರೆ ಗಾತ್ರದ ತುಂಡುಗಳಲ್ಲಿ ಹೇಳಿದ್ದನ್ನು ಒಂದೇ ಗಾತ್ರದ ತುಂಡಿನಲ್ಲಿ ಎಣಿಸುವುದು. ತುಂಡು ಒಂದೇ ಆದ ಮೇಲೆ ಎಣಿಕೆ ನೋಡಿದರೆ ಸಾಕು. ಒಂದನೇ ತರಗತಿಯಲ್ಲಿ ಕಲಿತ 15, 16 ಮತ್ತೆ ಕೆಲಸಕ್ಕೆ ಬರುತ್ತವೆ. ‘ಕೆಳಗಿನ ಸಂಖ್ಯೆ ದೊಡ್ಡದಾದರೆ ಭಿನ್ನರಾಶಿ ಚಿಕ್ಕದು’ ಎಂದು ಮಕ್ಕಳ ಬಾಯಲ್ಲಿ ಹೇಳಿಸುವ ಅರೆಬರೆ ಸೂತ್ರವೂ ಬೇಕಾಗುವುದಿಲ್ಲ. ಅದು ಅಂಶ ಒಂದೇ ಇದ್ದಾಗ ಮಾತ್ರ ನಿಲ್ಲುವ ಮಾತು. 2/5, 3/8ಕ್ಕೆ ಸರಿಹೋಯಿತು ಎಂದು ನಂಬಿಕೊಂಡು ಹೋದ ಮಗು 1/2, 5/8 ಬಂದಾಗ ಬೀಳುತ್ತದೆ.

ಒಂದು ಎಚ್ಚರ ಇಲ್ಲೇ ಹೇಳಿಬಿಡುತ್ತೇನೆ. ಎಕರೆ ಒಂದೇ ಆಗಿರಬೇಕು. ಮೂರು ಎಕರೆಯಲ್ಲಿ 3/8 ಅಂದರೆ 45 ಗುಂಟೆ, ಎರಡು ಎಕರೆಯಲ್ಲಿ 2/5 ಅಂದರೆ 32 ಗುಂಟೆ. ಇಡೀ ವಸ್ತು ಬೇರೆಯಾದರೆ ಸಮಚ್ಛೇದ ಮಾಡಿ ಪ್ರಯೋಜನವಿಲ್ಲ. ಒಬ್ಬರು ಚಿಕ್ಕ ರೊಟ್ಟಿ, ಇನ್ನೊಬ್ಬರು ದೊಡ್ಡ ರೊಟ್ಟಿಯ ಚಿತ್ರ ಬರೆದು ಹೋಲಿಸುವುದನ್ನು ತರಗತಿಯಲ್ಲಿ ಬಹಳ ನೋಡಿದ್ದೇನೆ. ಚಿತ್ರಗಳು ಒಂದೇ ಅಳತೆಯವಾಗಿರಲಿ.

ಮಾರನೆಯ ದಿನ ಅದೇ ಹುಡುಗನಿಗೆ ಎಕರೆಯ 1/3, 3/8 ಕೊಟ್ಟೆ. ಅವನು ತಡವರಿಸಿದ. ನಲವತ್ತು ಮೂರಕ್ಕೆ ಹೋಗುವುದಿಲ್ಲ. 13 ಗುಂಟೆ ಆಗಿ ಒಂದು ಗುಂಟೆ ಉಳಿಯುತ್ತದೆ. ಗುಂಟೆಗೆ 16 ಆಣೆ, ಅದೂ ಮೂರಕ್ಕೆ ಹೋಗುವುದಿಲ್ಲ. 13 ಗುಂಟೆ 5 ಆಣೆ ಆಗಿ ಮತ್ತೆ ಒಂದು ಆಣೆಯ ಮೂರನೇ ಒಂದು ಪಾಲು ಉಳಿದುಬಿಟ್ಟಿತು. ಆಗ ನಾನು ಕೇಳಿದೆ: ಗುಂಟೆ ಬೇಡ, ಈ ಎರಡು ಪಾಲಿಗೂ ಒಪ್ಪುವ ಹಾಗೆ ಎಕರೆಯನ್ನು ಎಷ್ಟು ತುಂಡು ಮಾಡೋಣ? ಮೂರಕ್ಕೂ ಹೋಗಬೇಕು, ಎಂಟಕ್ಕೂ ಹೋಗಬೇಕು. ಹಿಂದಿನಿಂದ ಒಬ್ಬಳು 24 ಎಂದಳು. 24 ತುಂಡು ಮಾಡಿದರೆ ಮೂರನೇ ಒಂದು ಪಾಲು 8 ತುಂಡು, ಎಂಟನೇ ಮೂರು ಪಾಲು 9 ತುಂಡು. ಅಲ್ಲಿಗೆ ಮುಗಿಯಿತು. ಸರ್ಕಾರ ಕೊಟ್ಟ ಅಳತೆ ಸಾಲದಿದ್ದಾಗ ನಮಗೆ ಬೇಕಾದ ಅಳತೆಯನ್ನು ನಾವೇ ಮಾಡಿಕೊಳ್ಳಬಹುದು ಎಂಬುದು ಆ ತರಗತಿಗೆ ತಿಳಿದ ಗಳಿಗೆ ಅದು. ಸಾಮಾನ್ಯ ಛೇದ ಎಂದು ಪುಸ್ತಕದಲ್ಲಿ ಬರೆದಿರುವುದು ಈ 24ನ್ನೇ.

ಹಳೆಯ ಅಳತೆಗಳನ್ನೆಲ್ಲ ಈ ಕಣ್ಣಿನಿಂದ ಒಮ್ಮೆ ನೋಡಿ. ಹಿಂದೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಅರ್ಧ, ಕಾಲು, ಅರೆಕಾಲು, ವೀಸ ಎಲ್ಲ ಆಣೆಯಲ್ಲೇ ಸರಿಹೋಗುತ್ತಿದ್ದವು. ಮೂರು ಜನ ಒಂದು ರೂಪಾಯಿ ಹಂಚಿಕೊಳ್ಳಬೇಕಾದರೆ ಪೈ ಬರುತ್ತಿತ್ತು. ತಲೆಗೆ 5 ಆಣೆ 4 ಪೈ, ಒಂದು ಪೈಯೂ ಉಳಿಯುತ್ತಿರಲಿಲ್ಲ. ರೂಪಾಯಿಯ 2/3 ಅಂದರೆ 128 ಪೈ, 5/8 ಅಂದರೆ 120 ಪೈ. ಯಾವುದು ಹೆಚ್ಚು ಎಂದು ಅಂಗಡಿಯವರು ಯಾರನ್ನೂ ಕೇಳಬೇಕಿರಲಿಲ್ಲ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆಯಾಯಿತು. ಹತ್ತರ ಲೆಕ್ಕ ಸುಲಭವಾಯಿತು, ಐದು ಪಾಲು ಸಲೀಸಾಯಿತು, ಆದರೆ ಮೂರು ಪಾಲು ಮಾಡಿದರೆ ಒಂದು ಪೈಸೆ ಉಳಿಯತೊಡಗಿತು. ಗಂಟೆಗೆ 60 ನಿಮಿಷ ಮಾತ್ರ ಹಾಗೇ ಉಳಿದಿದೆ. ಎರಡು, ಮೂರು, ನಾಲ್ಕು, ಐದು, ಆರು ಎಲ್ಲಕ್ಕೂ ಅದು ಹೋಗುತ್ತದೆ. ಗಂಟೆಯ 5/12 ಹೆಚ್ಚೋ 2/5 ಹೆಚ್ಚೋ ಎಂದರೆ 25 ನಿಮಿಷ, 24 ನಿಮಿಷ ಎಂದು ಹೇಳಿ ಮುಗಿಸಬಹುದು. ಜನ ದಿನಾ ಹಂಚಿಕೊಳ್ಳುವ ಪಾಲುಗಳನ್ನು ನೋಡಿಕೊಂಡು ಮೊದಲೇ ಆರಿಸಿಟ್ಟಂತಿರುವ ಸಾಮಾನ್ಯ ಛೇದಗಳು ಇವು. ಮಕ್ಕಳಿಗೆ ಇಲ್ಲಿಂದ ಶುರುಮಾಡಿದರೆ, ಸಮಚ್ಛೇದ ಎಂಬುದು ಪರೀಕ್ಷೆಗಾಗಿ ಯಾರೋ ಹುಟ್ಟಿಸಿದ ವಿಧಾನ ಎನಿಸುವುದಿಲ್ಲ.

ಈ ವಿದ್ಯೆ ನಮ್ಮ ನೆಲದಲ್ಲೇ ಬೆಳೆದದ್ದು ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಬ್ರಹ್ಮಗುಪ್ತ 628ರಲ್ಲಿ ಬರೆದ ಬ್ರಹ್ಮಸ್ಫುಟಸಿದ್ಧಾಂತದಲ್ಲಿ ಭಿನ್ನರಾಶಿಗಳನ್ನು ಕೂಡಿಸುವ ಮುಂಚೆ ಒಂದರ ಛೇದದಿಂದ ಇನ್ನೊಂದರ ಅಂಶ, ಛೇದ ಎರಡನ್ನೂ ಗುಣಿಸಬೇಕೆಂಬ ನಿಯಮವಿದೆ. ಒಂಬತ್ತನೇ ಶತಮಾನದಲ್ಲಿ ನಮ್ಮ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಭಿನ್ನರಾಶಿಗೆಂದೇ ಅದರಲ್ಲಿ ಕಲಾಸವರ್ಣ ಎಂಬ ಒಂದು ಅಧ್ಯಾಯವಿದೆ. ಛೇದಗಳನ್ನು ಸುಮ್ಮನೆ ಗುಣಿಸಿ ಸಂಖ್ಯೆ ಬೆಳೆಸುವ ಬದಲು, ಎರಡಕ್ಕೂ ಒಪ್ಪುವ ಅತಿ ಚಿಕ್ಕ ಛೇದವನ್ನು ಹಿಡಿಯುವ ದಾರಿಯನ್ನು ಅವನು ಕೊಡುತ್ತಾನೆ. ಅದಕ್ಕೆ ನಿರುದ್ಧ ಎಂದು ಹೆಸರಿಡುತ್ತಾನೆ. ನಾವು ಇವತ್ತು ಲ.ಸಾ.ಅ. ಎನ್ನುವುದು ಅದನ್ನೇ. ಈ ಕೆಲಸಕ್ಕೆ ಲ.ಸಾ.ಅ. ಬಳಸಿದ ಭಾರತೀಯ ಗಣಿತಜ್ಞರಲ್ಲಿ ಅವನೇ ಮೊದಲಿಗ ಎಂದು ಚರಿತ್ರೆಕಾರರು ಹೇಳುತ್ತಾರೆ. ಆಮೇಲೆ ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ. ಕನ್ನಡ ಮಾಧ್ಯಮದಲ್ಲಿ ಗಣಿತ ಓದುವ ಮಗುವಿಗೆ ಈ ಹೆಸರುಗಳು ಗೊತ್ತಿಲ್ಲದೆ ಇರಬಾರದು.

ಆದರೆ ಈ ಚರಿತ್ರೆಯನ್ನು ಎತ್ತಿದ್ದು ಹೆಮ್ಮೆಗಾಗಿ ಮಾತ್ರವಲ್ಲ. ಛೇದಗಳನ್ನು ಗುಣಿಸಿಕೊಳ್ಳುವ ಬ್ರಹ್ಮಗುಪ್ತನ ನಿಯಮಕ್ಕೂ ಚಿಕ್ಕ ಛೇದ ಹುಡುಕುವ ಮಹಾವೀರನ ನಿಯಮಕ್ಕೂ ನಡುವೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇದೆ. ಎರಡನ್ನೂ ನಾವು ಹತ್ತು ವರ್ಷದ ಮಗುವಿನ ತಲೆಗೆ ಒಂದೇ ಪಿರಿಯಡ್ಡಿನಲ್ಲಿ ತುಂಬುತ್ತೇವೆ. 5/6, 7/8 ಹೋಲಿಸು ಎಂದರೆ ಮಗು ಮೊದಲು ಲ.ಸಾ.ಅ. ಕಂಡುಹಿಡಿಯಲು ಹೋಗುತ್ತದೆ. ಎಲ್-ಆಕಾರದ ಗೆರೆ ಎಳೆದು, ಎರಡರಿಂದ ಭಾಗಿಸಿ, ಮತ್ತೆ ಭಾಗಿಸಿ, ಎಲ್ಲೋ ಒಂದು ಕಡೆ ತಪ್ಪಿ, ಅಷ್ಟರಲ್ಲಿ ಏನು ಮಾಡಲು ಹೊರಟಿದ್ದೆ ಎಂಬುದನ್ನೇ ಮರೆಯುತ್ತದೆ. ಆರೆಂಟಲ ನಲವತ್ತೆಂಟು ಎಂದುಕೊಂಡು 40/48, 42/48 ಬರೆದರೆ ಏನು ನಷ್ಟ? ಉತ್ತರ ಅಷ್ಟೇ ಸರಿ, ಕಾರಣವೂ ಅಷ್ಟೇ ಸರಿ. 20/24, 21/24 ಬರೆದವರಿಗೆ ಬರವಣಿಗೆ ಸ್ವಲ್ಪ ಕಡಿಮೆಯಾಯಿತು, ಅಷ್ಟೇ. ಚಿಕ್ಕ ಛೇದ ಬರೆಯಲಿಲ್ಲ ಎಂದು ಅಂಕ ಕಳೆಯುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. 7/12, 11/18 ಬಂದಾಗ ಮಗುವೇ 216 ಎಂಬ ದೊಡ್ಡ ಛೇದ ನೋಡಿ ಬೇಸರಪಟ್ಟು, ಇದಕ್ಕಿಂತ ಚಿಕ್ಕದು ಇಲ್ಲವೇ ಎಂದು ಕೇಳುತ್ತದೆ. ಆಗ 36 ತೋರಿಸಿ. 21/36, 22/36. ಆ ಹೊತ್ತಿಗೆ ಲ.ಸಾ.ಅ. ಏಕೆ ಬೇಕು ಎಂದು ನೀವು ವಿವರಿಸಬೇಕಾಗಿ ಬರುವುದಿಲ್ಲ.

ಇನ್ನು ಮಕ್ಕಳು ಸಮಚ್ಛೇದ ಮಾಡುವಾಗ ಎಲ್ಲಿ ಜಾರುತ್ತಾರೆ ಎಂಬುದನ್ನು ಹತ್ತಿರದಿಂದ ನೋಡೋಣ. 2/3, 3/4 ಕೊಟ್ಟಾಗ ಒಂದು ಮಗು 2/12, 3/12 ಎಂದು ಬರೆಯಿತು. ಛೇದ ಬದಲಾಯಿತು, ಅಂಶ ಹಾಗೇ ಉಳಿಯಿತು. ಇದು ನಿಮಗೂ ಗೊತ್ತಿರುವ ತಪ್ಪು. ಇನ್ನೊಂದು ಮಗುವಿನದು ಮಾತ್ರ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಅವಳು ಎರಡಕ್ಕೂ 11/12 ಎಂದು ಬರೆದು, ಎರಡೂ ಸಮ ಎಂದಿದ್ದಳು. ಹೇಗಮ್ಮಾ ಬಂತು ಎಂದು ಪಕ್ಕದಲ್ಲಿ ಕೂತು ಕೇಳಿದೆ. 3 ಹೋಗಿ 12 ಆಗಬೇಕಾದರೆ 9 ಕೂಡಿಸಬೇಕು, ಹಾಗಾಗಿ ಮೇಲೆಯೂ 9 ಕೂಡಿಸಿದೆ, 11 ಆಯಿತು. 4 ಹೋಗಿ 12 ಆಗಬೇಕಾದರೆ 8, ಮೇಲೆ 3ಕ್ಕೆ 8 ಕೂಡಿಸಿದರೂ 11. ಮೇಲೆ ಮಾಡಿದ್ದನ್ನೇ ಕೆಳಗೂ ಮಾಡಬೇಕು ಎಂದು ಕೇಳಿಸಿಕೊಂಡಿದ್ದಳು, ಅದರಂತೆಯೇ ಮಾಡಿದ್ದಳು. ಅಷ್ಟೇ ಅಲ್ಲ, 2/3ಕ್ಕೂ 3/4ಕ್ಕೂ ಪೂರ್ತಿಯಾಗಲು ಒಂದೊಂದೇ ತುಂಡು ಬಾಕಿ, ಹಾಗಾಗಿ ಎರಡೂ ಸಮ ಇರಲೇಬೇಕಲ್ಲ ಎಂದು ಅವಳಿಗೆ ಮೊದಲೇ ಅನಿಸಿತ್ತಂತೆ. ಉತ್ತರ ಅದಕ್ಕೆ ಹೊಂದಿಕೊಂಡಾಗ ಅನುಮಾನವೂ ಬರಲಿಲ್ಲ. ಬಾಕಿ ಉಳಿದ ಆ ಒಂದೊಂದು ತುಂಡಿನ ಗಾತ್ರ ಬೇರೆ ಬೇರೆ ಎಂಬುದು ಅವಳಿಗೆ ಕಂಡಿರಲಿಲ್ಲ. ಕೆಂಪು ಇಂಕಿನಲ್ಲಿ ತಪ್ಪು ಹಾಕಿ ಮುಂದೆ ಹೋಗಿದ್ದರೆ ಇಷ್ಟು ನೇರವಾಗಿ ಯೋಚಿಸುವ ಮಗು ಎಲ್ಲಿ ತಪ್ಪಿತು ಎಂಬುದು ಅವಳಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ.

ಅವಳಿಗೆ ತಿಳಿಯುವಂತೆ ಮಾಡಿದ್ದು ಚೌಕುಳಿ ಪುಸ್ತಕ. ಪ್ರತಿ ಮಗುವಿನ ಚೀಲದಲ್ಲೂ ಇರುವ ವಸ್ತು ಅದು. ಅದರಲ್ಲಿ ಮೂರು ಸಾಲು, ನಾಲ್ಕು ಕಂಬಸಾಲು ಇರುವ ಆಯತ ಎಳೆಯಬೇಕು. ಪಕ್ಕದಲ್ಲಿ ಅದೇ ಅಳತೆಯ ಇನ್ನೊಂದು. ಮೊದಲನೆಯದರಲ್ಲಿ ಮೂರು ಸಾಲಿನಲ್ಲಿ ಎರಡಕ್ಕೆ ಬಣ್ಣ ತುಂಬಿದರೆ ಅದು 2/3. ಎರಡನೆಯದರಲ್ಲಿ ನಾಲ್ಕು ಕಂಬಸಾಲಿನಲ್ಲಿ ಮೂರಕ್ಕೆ ತುಂಬಿದರೆ 3/4. ಈಗ ಮನೆಗಳನ್ನು ಎಣಿಸಿದರೆ ಮೊದಲನೆಯದರಲ್ಲಿ 12ರಲ್ಲಿ 8, ಎರಡನೆಯದರಲ್ಲಿ 12ರಲ್ಲಿ 9. ಯಾವ ಸೂತ್ರವನ್ನೂ ಹೇಳಿಕೊಡಬೇಕಿಲ್ಲ. ಆಮೇಲೆ ಬೆರಳಿಟ್ಟು ಕೇಳಬೇಕು: ಒಂದು ಸಾಲಿನಲ್ಲಿ ಎಷ್ಟು ಮನೆ? ನಾಲ್ಕು. ಮೂರು ಸಾಲು ಹನ್ನೆರಡು ಮನೆಯಾಯಿತು, ಬಣ್ಣದ ಎರಡು ಸಾಲು ಎಂಟು ಮನೆಯಾಯಿತು. ಪ್ರತಿ ಸಾಲೂ ನಾಲ್ಕು ತುಂಡಾದಾಗ ಒಟ್ಟು ತುಂಡೂ ನಾಲ್ಕು ಪಟ್ಟಾಯಿತು, ನಮ್ಮ ಪಾಲಿನ ತುಂಡೂ ನಾಲ್ಕು ಪಟ್ಟಾಯಿತು. ಪಾಲು ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸಬೇಕು, ಕೂಡಿಸಬಾರದು ಎಂಬುದಕ್ಕೆ ಕಾರಣ ಆ ಚೌಕುಳಿಯಲ್ಲೇ ಇದೆ. ಅವಳು ಎಣಿಸಿ ನೋಡಿ, 11 ಎಲ್ಲಿಂದಲೂ ಬರುವುದಿಲ್ಲವಲ್ಲ ಮಿಸ್ ಎಂದಳು. ಅವಳ ಮನಸ್ಸಿನಿಂದ ಆ ತಪ್ಪು ಹೋದದ್ದು ಆ ಎಣಿಕೆಯಿಂದ.

ನಿಮ್ಮಲ್ಲಿ ಹಲವರ ಶಾಲೆಯಲ್ಲಿ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಲಿಕಾ ಸಾಮಗ್ರಿಯ ಪೆಟ್ಟಿಗೆ ಇದೆ. ಅದರೊಳಗೆ ಭಿನ್ನರಾಶಿಯ ಪಟ್ಟಿಗಳೂ ಆಕೃತಿಗಳೂ ಇವೆ. ಕಳೆದುಹೋದಾವೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರೆ ದಯವಿಟ್ಟು ಹೊರಗೆ ತೆಗೆಯಿರಿ. ಮಕ್ಕಳು ಕೈಯಲ್ಲಿ ಹಿಡಿದು ಒಂದರ ಪಕ್ಕ ಒಂದಿಟ್ಟು ನೋಡಿ ಸವೆಸಬೇಕಾದ ಸಾಮಾನು ಅದು. ಪೆಟ್ಟಿಗೆ ಇಲ್ಲದಿದ್ದರೂ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಮಡಿಸಿದರೆ ಸಾಕು.

ಎಲ್ಲ ಹೋಲಿಕೆಗೂ ಸಮಚ್ಛೇದವೇ ಆಗಬೇಕು ಎಂದು ನಾನು ಹೇಳುತ್ತಿಲ್ಲ. 3/7, 3/8 ಕೊಟ್ಟಾಗ ತುಂಡು ಎರಡರಲ್ಲೂ ಮೂರೇ, ಏಳು ಪಾಲಿನ ತುಂಡು ದೊಡ್ಡದು, ಅಲ್ಲಿಗೆ ಆಯಿತು. 3/7 ಅರ್ಧಕ್ಕಿಂತ ಕಡಿಮೆ, 5/9 ಅರ್ಧಕ್ಕಿಂತ ಹೆಚ್ಚು, ಬರೆಯುವುದೇನೂ ಇಲ್ಲ. 11/12, 12/13 ಎರಡರಲ್ಲೂ ಒಂದು ತುಂಡು ಕಡಿಮೆ, 13ರ ತುಂಡು ಚಿಕ್ಕದಾದ್ದರಿಂದ ಅದು ಕಡಿಮೆಯಾದರೆ ನಷ್ಟವೂ ಚಿಕ್ಕದು, ಹಾಗಾಗಿ 12/13 ದೊಡ್ಡದು. ಪೆನ್ನು ಎತ್ತುವ ಮುಂಚೆ ಒಂದು ಗಳಿಗೆ ಸಂಖ್ಯೆಗಳನ್ನು ಸುಮ್ಮನೆ ನೋಡುವ ಅಭ್ಯಾಸ ಮಕ್ಕಳಿಗೆ ಬರಬೇಕು. ಇವು ಯಾವುವೂ ಕೈಗೆ ಹತ್ತದಿದ್ದಾಗ, 4/9ರ ಪಕ್ಕ 3/7 ಬಂದು ಕೂತಾಗ, ಎಂದೂ ಕೈಬಿಡದ ದಾರಿ ಸಮಚ್ಛೇದ.

ಅದರ ಬಲ ಎರಡಕ್ಕಿಂತ ಹೆಚ್ಚು ಭಿನ್ನರಾಶಿ ಬಂದಾಗ ತಿಳಿಯುತ್ತದೆ. 1/2, 2/3, 3/5, 7/10, 8/15 ಇವನ್ನು ಏರಿಕೆ ಕ್ರಮದಲ್ಲಿ ಬರೆ ಎಂದರೆ ಬಾಣ ಎಳೆಯುವ ಮಗು ಎರಡೆರಡನ್ನು ಜೋಡಿ ಮಾಡಿ ಸುಸ್ತಾಗುತ್ತದೆ. 30ನ್ನು ಛೇದವಾಗಿ ಹಿಡಿದರೆ 15, 20, 18, 21, 16 ಎಂದು ಐದೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. 20ಕ್ಕೆ 17 ಬಂದವನು, 25ಕ್ಕೆ 21 ಬಂದವಳು, ಯಾರದು ಹೆಚ್ಚು ಎಂದು ಅಂಕಪಟ್ಟಿಯಲ್ಲಿ ನಾವು ದಿನಾ ನೋಡುತ್ತೇವಲ್ಲ, ಶೇ. 85, ಶೇ. 84 ಎಂದು ಬರೆಯುವಾಗ ಮಾಡುವುದು ಇದನ್ನೇ. ಇಡೀ ಪ್ರಪಂಚ ಒಪ್ಪಿಕೊಂಡ ಸಾಮಾನ್ಯ ಛೇದ ನೂರು. ಸಮಚ್ಛೇದ ಅರ್ಥವಾದ ಮಗುವಿಗೆ ಶೇಕಡಾ ಪಾಠ ಬಂದಾಗ ಹೊಸದಾಗಿ ಕಲಿಯುವುದು ಬಹಳ ಇರುವುದಿಲ್ಲ.

ಕೂಡುವ ಲೆಕ್ಕಕ್ಕೆ ಬಂದಾಗಲಂತೂ ಇದು ಇಲ್ಲದೆ ಹೆಜ್ಜೆ ಮುಂದಿಡಲಾಗದು. 1/2ಕ್ಕೆ 1/3 ಕೂಡಿಸಿ 2/5 ಎಂದು ಬರೆದ ಎಂಟನೇ ತರಗತಿಯ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. 1/2 ಅಂದರೆ 5/10, 2/5 ಅಂದರೆ 4/10. ಕೂಡಿಸಿದ ಮೇಲೆ ಮೊದಲಿದ್ದದ್ದಕ್ಕಿಂತ ಕಡಿಮೆಯಾಯಿತು! ಹೋಲಿಸುವುದು ಬಂದಿದ್ದರೆ ಆ ಉತ್ತರ ಬರೆದ ಕೈಯೇ ಅದನ್ನು ಹೊಡೆದುಹಾಕುತ್ತಿತ್ತು. ಬಾಣಗಳನ್ನಷ್ಟೇ ಕಲಿತವರು ಕೂಡುವಾಗಲೂ ಬಾಣ ಎಳೆಯುತ್ತಾರೆ, 3, 2 ಎಂದು ಬರೆದುಕೊಂಡು ಅದನ್ನು ಏನು ಮಾಡುವುದೆಂದು ತಿಳಿಯದೆ ಕೂರುತ್ತಾರೆ. ಗುಣಾಕಾರದಲ್ಲೂ ಬಾಣ ಎಳೆಯುತ್ತಾರೆ, ಅಲ್ಲಿ ಅದು ಬೇಕಾಗಿಯೇ ಇಲ್ಲ. ಮುಂದೆ x/2, x/3 ಬಂದಾಗ ಹೆದರಿ ಗಣಿತವೇ ಬೇಡ ಎನ್ನುತ್ತಾರೆ. ಬೀಜಗಣಿತ ಕಷ್ಟ ಎಂದು ಅವರು ಹೇಳುವಾಗ, ಅವರಿಗೆ ಕಷ್ಟವಾಗಿರುವುದು ಬೀಜಗಣಿತವಲ್ಲ ಎಂದು ನನಗೆ ಗೊತ್ತಾಗುತ್ತಿರುತ್ತದೆ. ಹತ್ತನೇ ತರಗತಿಯ ಪರೀಕ್ಷೆ ಎದುರಿಗಿರುವಾಗ ಅವರನ್ನು ಮತ್ತೆ ಚೌಕುಳಿ ಪುಸ್ತಕದ ಮುಂದೆ ಕೂರಿಸಲು ನನಗೆ ಸಮಯ ಸಿಗುವುದಿಲ್ಲ. ನಿಮ್ಮಲ್ಲಿ ಅವರು ಇನ್ನೂ ಚಿಕ್ಕವರು, ಬಣ್ಣ ತುಂಬು ಎಂದರೆ ಖುಷಿಯಿಂದ ತುಂಬುತ್ತಾರೆ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು. ಓರೆ ಗುಣಾಕಾರವನ್ನು ಏಳನೇ ತರಗತಿಯವರೆಗೆ ತಡೆಹಿಡಿಯಿರಿ. ಮನೆಪಾಠದಲ್ಲೋ ಅಣ್ಣ ಅಕ್ಕಂದಿರಿಂದಲೋ ಮಗು ಮೊದಲೇ ಕಲಿತು ಬಂದಿದ್ದರೆ ಬೈಯಬೇಡಿ, ಆ ಎರಡು ಸಂಖ್ಯೆಗಳ ಕೆಳಗೆ ಛೇದ ಬರೆಸಿ. ಪ್ರಶ್ನೆಪತ್ರಿಕೆ ಮಾಡುವಾಗ ಯಾವುದು ದೊಡ್ಡದು ಎಂಬಲ್ಲಿಗೆ ನಿಲ್ಲಿಸದೆ ‘ಎಷ್ಟು ದೊಡ್ಡದು’ ಎಂದೂ ಸೇರಿಸಿ. ಆ ಒಂದು ಮಾತು ಸೇರಿಸಿದರೆ ಬಾಣ ಸಾಲುವುದಿಲ್ಲ, ಛೇದ ಹೊರಗೆ ಬರಲೇಬೇಕು. ಭಿನ್ನರಾಶಿ ಹೋಲಿಸುವ ಪಾಠಕ್ಕೆ ಇನ್ನೊಂದು ವಾರ ಹೆಚ್ಚು ಹಿಡಿದರೆ ಹಿಡಿಯಲಿ. ಮುಂದಿನ ಕೂಡುವ ಕಳೆಯುವ ಪಾಠದಲ್ಲಿ ಆ ವಾರ ನಿಮಗೆ ವಾಪಸು ಸಿಗುತ್ತದೆ, ಇದನ್ನು ನಾನು ಅನುಭವದಿಂದ ಹೇಳುತ್ತೇನೆ.

ತರಗತಿಯಲ್ಲಿ ನಾನು ಬಳಸುವ ಕೆಲವು ಜೋಡಿಗಳನ್ನು ಕೊಡುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಎಕರೆಯ 5/8, 3/5 ಕೇಳಿದರೆ 25 ಗುಂಟೆ, 24 ಗುಂಟೆ ಬರುತ್ತದೆ. ಕಿಲೋ ಬೇಳೆಯ 7/10, 3/4 ಕೇಳಿದರೆ 700 ಗ್ರಾಂ, 750 ಗ್ರಾಂ. ಇವೆರಡೂ ಆದ ಮೇಲೆ 2/7, 3/10 ಕೊಡಿ. ಇದಕ್ಕೆ ಗುಂಟೆಯೂ ಇಲ್ಲ, ಗ್ರಾಮೂ ಒಪ್ಪುವುದಿಲ್ಲ, 70 ತುಂಡಿನ ಅಳತೆಯನ್ನು ಮಕ್ಕಳೇ ಮಾಡಿಕೊಳ್ಳಬೇಕು. ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ ಜನ ಇನ್ನೂ ಬಳಸುವ ಬೇರೆ ಬೇರೆ ಅಳತೆಗಳಿವೆ. ನಿಮ್ಮ ಊರಿನ ಅಳತೆಗೆ ಒಪ್ಪುವ ಇಂಥ ಜೋಡಿಗಳು ಸಿಕ್ಕರೆ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಬೋರ್ಡಿನ ಮೇಲೆ ಬರೆದು ಉಳಿದವರಿಗೂ ಕೊಡಿ. ಪ್ರೌಢಶಾಲೆಯವರನ್ನೂ ಒಮ್ಮೆ ಆ ಸಭೆಗೆ ಕರೆಯಿರಿ, ನಾನಂತೂ ತಪ್ಪದೆ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸದ,
ಪ್ರೌಢಶಾಲೆಯ ಒಬ್ಬ ಗಣಿತ ಶಿಕ್ಷಕಿ